ಅಪ್ಪಾಜಿ ನೀರು ಚಿಮುಕಿಸಿದ ಡೇರೆ ಹೂ

ಮೊನ್ನೆ ಆಫೀಸಿನಲ್ಲಿ ನನಗೊಂದು ಹೂಗುಚ್ಛ ಕೊಟ್ಟರು. ಬಡ್ತಿ ಸಿಕ್ಕಿತ್ತು ಎನ್ನಿ, ತಡವಾಗಿಯಾದರೂ. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಗುಲಾಬಿಯ ಎಸಳನ್ನು ಬೆರಳಿನಿಂದ ಒತ್ತಿ, ಆ ಬೆರಳನ್ನು ಬಾಯಿಗಿಟ್ಟುಕೊಂಡದ್ದು. ಫೋಟೊ ತೆಗೆಯುತ್ತಿದ್ದ ಹುಡುಗಿ ಸರಿಯಾಗಿ ಅದನ್ನೇ ತೆಗೆದಳು. ಈಗ ಆ ಫೋಟೊ ಆಫೀಸಿನವರ ಮೊಬೈಲುಗಳಲ್ಲೆಲ್ಲ ಓಡಾಡುತ್ತಿದೆ. ಮೇಡಂಗೆ ಪಾಪ ಊಟ ಆಗಿರಲಿಲ್ಲ ಎಂದು ಯಾರೋ ಕೆಳಗೆ ಬರೆದಿದ್ದಾರೆ.

ಊಟ ಆಗಿತ್ತು, ಚೆನ್ನಾಗಿಯೇ ಆಗಿತ್ತು. ಇದು ಹಳೆಯ ಚಾಳಿ. ಹೂವಿನ ಗೊಂಚಲು ಕೈಗೆ ಬಂದರೆ ನನ್ನ ಮೂಗು ಮೊದಲು ಹುಡುಕುವುದು ವೆನಿಲ್ಲಾ ವಾಸನೆಯನ್ನು. ಅದು ಸಿಗದಿದ್ದರೆ ಒಳಗೊಳಗೇ ಬೇಜಾರು. ನಿಜವಾದ ಹೂ ಕೊಟ್ಟು ಮೋಸ ಮಾಡಿದರಲ್ಲ ಅನ್ನಿಸುತ್ತದೆ. ಈ ಚಾಳಿ ಹತ್ತಿಸಿದವಳು ನಮ್ಮ ಗಿರಿಜತ್ತಿಗೆ.

ಅತ್ತಿಗೆ ತೊಂಬತ್ತರ ದಶಕದ ನಡುವೆ ಸೊರಬದಿಂದ ಶಿಕಾರಿಪುರಕ್ಕೆ, ನಮ್ಮ ಅಣ್ಣನ ಹೆಂಡತಿಯಾಗಿ ಬಂದಳು. ನನಗಿಂತ ಸ್ವಲ್ಪವೇ ದೊಡ್ಡವಳಾದ್ದರಿಂದ ನಮ್ಮಿಬ್ಬರಲ್ಲಿ ಅತ್ತಿಗೆ ನಾದಿನಿ ಎಂಬ ಬಿಗುಮಾನ ಹೆಚ್ಚು ದಿನ ಉಳಿಯಲಿಲ್ಲ. ಶಿರಾಳಕೊಪ್ಪದಲ್ಲಿ ಒಂದು ಬಸ್ಸು ಬದಲಿಸಿದರೆ ಮುಗಿಯುವ ದಾರಿ, ಆದರೂ ಅವಳ ಮಾತೇ ಬೇರೆ. ನಾವು ‘ಏನು’ ಅಂದರೆ ಅವಳು ‘ಎಂತದು’ ಅನ್ನುವಳು. ನಮ್ಮವ್ವ ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಗುವಳು. ತವರಿನಿಂದ ಅತ್ತಿಗೆ ತಂದ ಸಾಮಾನುಗಳಲ್ಲಿ ನಮ್ಮ ಬೀದಿಯವರೆಲ್ಲ ಬಂದು ನೋಡಿದ್ದು ಒಂದೇ ಒಂದು: ಗುಂಡಗಿನ ಅಲ್ಯೂಮಿನಿಯಂ ಕರೆಂಟ್ ಓವನ್ನು. ಮುಚ್ಚಳದ ನಡುವೆ ಒಂದು ಗಾಜಿನ ಕಣ್ಣು. ಒಳಗೆ ಬೇಯುವುದನ್ನು ಅದರಲ್ಲಿ ಇಣುಕಿ ನೋಡಬಹುದಿತ್ತು. ಅವ್ವ ಅದನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು, ಮೇಲೆ ಹಪ್ಪಳದ ಡಬ್ಬಿ ಪೇರಿಸಿದಳು.

ಯಾಕೆಂದರೆ ಓವನ್ನಿನಲ್ಲಿ ಮಾಡುವುದು ಕೇಕು, ಕೇಕು ಅಂದರೆ ಮೊಟ್ಟೆ, ಮೊಟ್ಟೆ ಅಂದರೆ ನಮ್ಮ ಅಪ್ಪಾಜಿಗೆ ಮೈಮೇಲೆ ಮುಳ್ಳು. ಲಿಂಗಪೂಜೆ ಆಗದೆ ನೀರು ಮುಟ್ಟದ ಮನುಷ್ಯ. ನಾನು ಚಿಕ್ಕವಳಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿ ಮುಂದೆ ಹಾಯುವಾಗಲೆಲ್ಲ ನನ್ನ ಜಡೆ ಹಿಡಿದು ಮುಖವನ್ನು ಆ ಕಡೆಗೆ ತಿರುಗಿಸುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗಿನ ಗುಲಾಬಿ ಬಣ್ಣವನ್ನು ನಾನು ನೋಡಿದ್ದೆಲ್ಲ ಓರೆಗಣ್ಣಿನಲ್ಲೇ. ಈಗಲೂ ನನ್ನ ನೋಟ ಸ್ವಲ್ಪ ಓರೆ ಎಂದು ಹೇಳುವವರಿದ್ದಾರೆ; ತಪ್ಪು ಬೇಕರಿಯವರದು.

“ಉಬ್ಬಿದ್ದಕ್ಕೆಲ್ಲ ತತ್ತಿ ಹಾಕಿರ್ತಾರೆ,” ಎಂಬುದು ಅಪ್ಪಾಜಿಯ ಸಿದ್ಧಾಂತ.

“ಮತ್ತೆ ಇಡ್ಲಿ ಉಬ್ಬಲ್ಲೇನು ಅಪ್ಪಾಜಿ?”

“ಅದು ಉದ್ದಿನಬ್ಯಾಳಿ ಕರಾಮತ್ತು. ಸುಮ್ನೆ ನಡಿ.”

ಅಪ್ಪಾಜಿಗೆ ಮನೆಯ ಮುಂಭಾಗದಲ್ಲಿ ಹಿಂಡಿ ಬೂಸಾದ ಅಂಗಡಿ, ಹಿಂಭಾಗದಲ್ಲಿ ಹೂವಿನ ಹಿತ್ತಲು. ಮುಂದೆ ಅವರು ವ್ಯಾಪಾರಿ. ಹಿಂದೆ ಬಂದರೆ ಬೇರೆಯೇ ಮನುಷ್ಯ. ಬೆಳಗಾಗುತ್ತಲೇ ನಂದಿಬಟ್ಟಲು, ದಾಸವಾಳ, ಕಣಗಿಲೆಗಳನ್ನು ಒಂದೊಂದಾಗಿ ಬಿಡಿಸಿ ಬಾಳೆ ಎಲೆಯ ಮೇಲಿಟ್ಟು, ಚೊಂಬಿನಲ್ಲಿ ಬೆರಳದ್ದಿ ನೀರು ಚಿಮುಕಿಸುವರು. ಬಾಡಿದ ಹೂ ಶಿವನಿಗೆ ಏರಿಸಬಾರದಲ್ಲ. ಈ ಅಭ್ಯಾಸ ಅವರ ಕೈಗೆ ಎಷ್ಟು ಇಳಿದಿತ್ತೆಂದರೆ ಎಲ್ಲಿ ಹೂ ಕಂಡರೂ ಬೆರಳುಗಳು ನೀರು ಹುಡುಕುತ್ತಿದ್ದವು. ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಮದುಮಗನ ಹಾರ ಬಾಡುತ್ತಿದೆಯೆಂದು ನೀರು ಚಿಮುಕಿಸಿ, ಅವನ ಹೊಸ ಜರಿ ಶಲ್ಯವನ್ನು ತೋಯಿಸಿದ್ದರು. ಮದುಮಗ ಹಾರೈಕೆಯೆಂದು ತಿಳಿದು ಕಾಲಿಗೆ ಬಿದ್ದ. ಒಳ್ಳೆಯ ಹುಡುಗ.

ಅಂಗಡಿಗೂ ಹಿತ್ತಲಿಗೂ ನಡುವೆ ಒಂದು ಕೋಣೆಯಿತ್ತು. ಹತ್ತಿಕಾಳಿನ ಕೋಣೆ ಅನ್ನುತ್ತಿದ್ದೆವು. ಕಿಟಕಿಯಿಲ್ಲದ ಕತ್ತಲೆ ಕೋಣೆ. ಒಳಗೆ ಚೀಲಗಳು, ಇಲಿಗಳು, ಮತ್ತು ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ನಾನು. ಅತ್ತಿಗೆ ಕಣ್ಣಿಟ್ಟದ್ದು ಆ ಕೋಣೆಯ ಮೇಲೆ. ಸೊರಬದಲ್ಲಿರುವಾಗ ಪಕ್ಕದ ಮನೆಗೆ ಬಂದಿದ್ದ ನೌಕರಿಯವರೊಬ್ಬರ ಹೆಂಡತಿಯಿಂದ ಅವಳು ಮೊಟ್ಟೆಯಿಲ್ಲದ ಕೇಕು ಕಲಿತಿದ್ದಳು. ಮೊಸರು ಮತ್ತು ಸೋಡಾ ಪುಡಿ ಕೂಡಿದರೆ ಸಾಕು, ಮೊಟ್ಟೆಯ ಹಂಗೇ ಬೇಡ. ಒಂದು ಕೋಣೆ ಸಿಕ್ಕರೆ ಕೇಕು ಮಾಡಬಹುದು, ಬೀದಿಯ ಹೆಣ್ಣುಮಕ್ಕಳಿಗೆ ಕಲಿಸಬಹುದು, ನನ್ನದು ಅಂತ ಒಂದು ಕೆಲಸ ಆಗುತ್ತದೆ ಎಂಬುದು ಅವಳ ಆಸೆ. ಇಷ್ಟನ್ನು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಳೋ. ಒಂದು ದಿನ ಧೈರ್ಯ ಮಾಡಿ ಅಪ್ಪಾಜಿಯ ಎದುರು ನಿಂತಳು.

“ಮಾವಾರೇ, ಆ ಕೋಣೆ ನಂಗೆ ಕೊಡ್ತೀರಾ? ಒಂದು ಕಿಟಕಿ ಮಾಡಿಸಿದ್ರೆ ಸಾಕು.”

ಅಪ್ಪಾಜಿ ತಕ್ಕಡಿಯನ್ನು ಒರೆಸುತ್ತ ಕೂತಿದ್ದರು. ಒರೆಸಿ ಮುಗಿದ ಮೇಲೂ ಒರೆಸಿದರು. “ಮನ್ಯಾಗೆ ತತ್ತಿ ವಾಸ್ನಿ ಆಗಬಾರ್ದವ್ವ.”

“ತತ್ತಿ ಹಾಕಲ್ಲ ಮಾವಾರೇ. ಮೊಸ್ರು.”

“ಮೊಸ್ರು ಹಾಕಿದ್ರೆ ಅದು ಮಜ್ಜಿಗಿಹುಳಿ ಆಗ್ತೈತೆ. ಕೇಕ್ ಹೆಂಗಾಗ್ತೈತೆ? ಮೊದ್ಲು ಹೊರಗಿನ ನಾಕು ಮಂದಿ ತಿಂದು ಚೊಲೋ ಐತೆ ಅನ್ಲಿ. ಆಮ್ಯಾಲೆ ನೋಡಾಣ.”

ನಮ್ಮ ಮನೆಯಲ್ಲಿ ಅಪ್ಪಾಜಿಯ ‘ನೋಡಾಣ’ಕ್ಕೆ ‘ಇಲ್ಲ’ ಎಂದೇ ಅರ್ಥ. ನಾನು ಕೇಳಿದ್ದ ಸೈಕಲ್ಲು, ಅಣ್ಣ ಕೇಳಿದ್ದ ಟೇಪ್ ರೆಕಾರ್ಡರು, ಅವ್ವ ಕೇಳಿದ್ದ ಧರ್ಮಸ್ಥಳ ಪ್ರವಾಸ, ಎಲ್ಲವೂ ಆ ‘ನೋಡಾಣ’ದೊಳಗೆ ಹೂತುಹೋಗಿದ್ದವು. ಅತ್ತಿಗೆ ಹೊಸಬಳಲ್ಲವೇ, ಅದನ್ನು ಮಾತೆಂದು ನಂಬಿದಳು. ನಾನು ಬಾಯಿ ಮುಚ್ಚಿಕೊಂಡೆ. ನಂಬಿದವರ ಮುಖ ನೋಡಲು ಚೆನ್ನಾಗಿರುತ್ತದೆ.

ಹೊರಗಿನ ನಾಲ್ಕು ಮಂದಿ ಸಿಗುವ ದಿನವೂ ಬಂತು. ಸೊರಬದಲ್ಲಿ ಅವಳು ಓದಿದ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ ನಿವೃತ್ತಿಯಾಗುವವರಿದ್ದರು. ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಬೀಳ್ಕೊಡುವುದೆಂದು ತೀರ್ಮಾನವಾಗಿ, ಹೂಗುಚ್ಛ ತರುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಇಲ್ಲಿ ಒಂದು ತೊಡಕಿತ್ತು. ಆ ಮೇಡಂಗೆ ಹೂ ಅಂದರೆ ಪ್ರಾಣ, ಹೂ ಕೀಳುವವರೆಂದರೆ ಆಗದು. ಶಾಲೆಯ ಅಂಗಳದ ಗಿಡದಿಂದ ಒಂದು ಹೂ ಕಿತ್ತರೆ ಬಾವಿಯಿಂದ ನೀರು ಸೇದಿ ಇಡೀ ತೋಟಕ್ಕೆ ಹಾಕುವ ಶಿಕ್ಷೆ. ಅತ್ತಿಗೆಯೂ ಒಮ್ಮೆ ಡೇರೆ ಹೂವೊಂದನ್ನು ಮುಡಿಯುವ ಆಸೆಗೆ ಕಿತ್ತು, ಅಂಗೈ ಬೊಬ್ಬೆ ಬರುವಷ್ಟು ನೀರು ಸೇದಿದವಳೇ. ಅಂಥವರ ಕೈಗೆ ಕಿತ್ತ ಹೂವಿನ ಗುಚ್ಛ ಕೊಡುವುದು ಹೇಗೆ?

“ಕೀಳದೇ ಇರೋ ಹೂವೇ ಕೊಡಾಣ. ಕಪ್ ಕೇಕಿನ ಡೇರೆ ಹೂ,” ಎಂದಳು ಅತ್ತಿಗೆ. ಹಪ್ಪಳದ ಡಬ್ಬಿ ಕೆಳಗಿಳಿಯಿತು.

ಡೇರೆ ನಿಮಗೆ ಗೊತ್ತಲ್ಲ, ಸೊರಬದ ಕಡೆ ಮಳೆಗಾಲದಲ್ಲಿ ಮನೆಮನೆಯ ಅಂಗಳದಲ್ಲಿ ಅರಳುವ, ಒತ್ತೊತ್ತಾದ ಎಸಳಿನ ದೊಡ್ಡ ಹೂ. ಅದನ್ನು ಕೇಕಿನ ಮೇಲೆ ಅರಳಿಸುವುದು ಹುಡುಗಾಟವಾಗಿರಲಿಲ್ಲ. ಮೊದಲ ಸಲ ಓವನ್ನಿಟ್ಟಾಗ ಕರೆಂಟು ನಡುವೆಯೇ ಹೋಗಿ, ಸಾಂಬಾರಿನ ಸಣ್ಣ ಬಟ್ಟಲುಗಳಲ್ಲಿ ಉಬ್ಬಿದ್ದ ಕೇಕುಗಳು ನಮ್ಮ ಕಣ್ಣೆದುರೇ ಕುಸಿದು ಕೂತವು. ಗಾಜಿನ ಕಣ್ಣಿನಲ್ಲಿ ಅದನ್ನೂ ನೋಡಿದೆವು. ವನಸ್ಪತಿಗೆ ಸಕ್ಕರೆಪುಡಿ, ಎರಡು ಹನಿ ವೆನಿಲ್ಲಾ ಹಾಕಿ ತೋಳು ಸೋಲುವಷ್ಟು ತಿರುವಿ ಕ್ರೀಮು ಮಾಡಿದ್ದಾಯಿತು. ಅದನ್ನು ಎಸಳಾಗಿ ಒತ್ತುವುದಕ್ಕೆ ಬೇಕಾದ ಕೊಳವೆ ಶಿವಮೊಗ್ಗದಲ್ಲಿ ಸಿಗುತ್ತದಂತೆ. ನಮ್ಮಲ್ಲಿದ್ದದ್ದು ಚಕ್ಕುಲಿ ಒರಳು. ಅದರ ನಕ್ಷತ್ರದ ಬಿಲ್ಲೆ ಹಾಕಿ ನಾನೇ ಒತ್ತಿದೆ. ಅಪ್ಪಾಜಿ ಆ ಹೊತ್ತಿಗೆ ನೀರು ಕುಡಿಯಲು ಒಳಗೆ ಬಂದವರು ನಿಂತು ನೋಡಿದರು.

“ಏನವ್ವ, ಕೇಕಿನ ಮ್ಯಾಲೆ ಚಕ್ಲಿ ಇಟ್ಟೀರಿ? ಪಾಯಸ ಎಲ್ಲಿ ಇಡ್ತೀರಿ?”

ನನಗೆ ಸಿಟ್ಟು ಬಂತು. ಚಕ್ಕುಲಿಯನ್ನು ಕೇಕಿನ ಸಮೇತ ತಿಂದು ಸಿಟ್ಟು ತೀರಿಸಿಕೊಂಡೆ. ಹಾಗೆ ನೋಡಿದರೆ ಆ ಕೆಲಸದಲ್ಲಿ ನನ್ನ ಮುಖ್ಯ ಪಾತ್ರ ಕೆಟ್ಟದ್ದನ್ನೆಲ್ಲ ತಿಂದು ಜಾಗ ಖಾಲಿ ಮಾಡುವುದೇ ಆಗಿತ್ತು. ಅಷ್ಟು ನಿಷ್ಠೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಕೊನೆಗೆ ಅತ್ತಿಗೆ ತೊಳೆದ ಹಾಲಿನ ಕವರಿನ ಮೂಲೆಯನ್ನು ಓರೆಯಾಗಿ ಕತ್ತರಿಸಿ, ಅದರೊಳಗೆ ಕ್ರೀಮು ತುಂಬಿ, ಮೆಹಂದಿ ಹಾಕುವ ಹಾಗೆ ಒಂದೊಂದೇ ಎಸಳು ಎಳೆದಳು. ಹೊರಗಿನ ಸುತ್ತು ಮೊದಲು, ಒಳಗಿನದು ಆಮೇಲೆ. ಬೀಟ್‌ರೂಟಿನ ರಸದಿಂದ ಕೆಲವಕ್ಕೆ ಗುಲಾಬಿ, ಜಿಲೇಬಿ ಬಣ್ಣದಿಂದ ಕೆಲವಕ್ಕೆ ಹಳದಿ. ನಾನು ಹತ್ತಿರ ಬಗ್ಗಿ ನೋಡಿದೆ. ಡೇರೆ ಹೂವೇ!

ಇನ್ನು ಈ ಹೂಗಳನ್ನು ಗುಚ್ಛವಾಗಿ ನಿಲ್ಲಿಸಬೇಕಲ್ಲ. ಕೇಕು ಭಾರ, ಎಲ್ಲಿ ಚುಚ್ಚಿದರೂ ವಾಲುತ್ತಿತ್ತು. ಅರ್ಧ ಕುಂಬಳಕಾಯಿಯನ್ನು ಬುಟ್ಟಿಯಲ್ಲಿ ಕವುಚಿ, ಅದರ ಬೆನ್ನಿಗೆ ತೊಳೆದ ತೆಂಗಿನ ಕಡ್ಡಿಗಳನ್ನು ಚುಚ್ಚಿ, ಕಡ್ಡಿಗಳ ಮೇಲೆ ಕೇಕು ಕೂರಿಸಿದರೆ ಗಟ್ಟಿ ನಿಲ್ಲುತ್ತದೆ ಎಂದು ಅತ್ತಿಗೆಗೆ ಹೊಳೆಯಿತು. ಅಟ್ಟದಲ್ಲಿ ಕುಂಬಳಕಾಯಿಯೇನೋ ಇತ್ತು. ಆದರೆ ನಮ್ಮಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಹಾಕುವಂತಿಲ್ಲ. ಗಂಡಸರು ಮೊದಲು ಹೋಳು ಮಾಡಿಕೊಟ್ಟರೆ ಆಮೇಲೆ ನಾವು ಹೆಚ್ಚಬಹುದು. ಅಣ್ಣ ಹಿಂಡಿ ಖರೀದಿಗೆಂದು ದಾವಣಗೆರೆಗೆ ಹೋಗಿದ್ದ. ಮನೆಯಲ್ಲಿದ್ದ ಗಂಡಸು ಒಬ್ಬರೇ.

ಅಪ್ಪಾಜಿ ಕತ್ತಿ ಹಿಡಿದು ಕೂತರು. “ಸಾರಿಗೇನು?” ಎಂದು ಕೇಳಿದರು. ಕೇಕಿಗೆ ಎಂದಳು ಅವ್ವ. ಅಪ್ಪಾಜಿ ಕುಂಬಳಕಾಯಿಯನ್ನೂ ಸೊಸೆಯನ್ನೂ ಒಮ್ಮೆ ನೋಡಿ, ಎರಡೂ ಹೋಳು ಸಮ ಬರುವಂತೆ ಗೆರೆ ಹಾಕಿಕೊಂಡು ಕತ್ತರಿಸಿದರು. ಬೇಡವೆನ್ನುವ ಕೆಲಸವನ್ನೂ ಅವರು ಅಚ್ಚುಕಟ್ಟಾಗಿಯೇ ಮಾಡುವವರು. ಸಂದಿಗಳಲ್ಲಿ ಹಸಿರು ಬಣ್ಣದ ಕಾಗದದ ಎಲೆಗಳು ಸೇರಿ ಗುಚ್ಛ ಮುಗಿದಾಗ ಲೋಕದಲ್ಲಿ ಅಷ್ಟು ಭಾರದ ಹೂಗುಚ್ಛ ಇನ್ನೊಂದಿರಲಿಕ್ಕಿಲ್ಲ ಅನ್ನಿಸಿತು.

ಇಬ್ಬರೇ ಹೆಣ್ಣುಮಕ್ಕಳನ್ನು ಅಷ್ಟು ಭಾರದ ಜೊತೆ ಕಳಿಸುವುದು ಹೇಗೆ? ಸೊರಬದ ಬೀಗರನ್ನು ಮಾತಾಡಿಸಿದ ಹಾಗೂ ಆಯಿತೆಂದು ಅಪ್ಪಾಜಿಯೇ ಹೊರಟರು. ಚಳಿಗಾಲವಾದ್ದರಿಂದ ಕ್ರೀಮು ಬಿಗಿಯಾಗಿ ನಿಂತಿತ್ತು. ಬಸ್ಸಿನಲ್ಲಿ ಬುಟ್ಟಿ ಅಪ್ಪಾಜಿಯ ತೊಡೆಯ ಮೇಲೆ. ಪಕ್ಕದ ಸೀಟಿನ ಅಜ್ಜಿಯೊಬ್ಬಳು ಕೈ ಚಾಚಿದಳು.

“ಯಜಮಾನ್ರೇ, ಒಂದು ಹೂ ಕೊಡ್ರಿ, ಮುಡ್ಕಂತೀನಿ.”

“ಇವು ಮುಡಿಯೋ ಹೂ ಅಲ್ಲಬೇ.”

“ಮತ್ತೆ ಎಂತಾ ಹೂ ಇವು?”

ಅಪ್ಪಾಜಿ ಕಿಟಕಿಯ ಹೊರಗೆ ನೋಡತೊಡಗಿದರು. ಕೇಕು ಅನ್ನುವ ಮಾತು ಅವರ ಬಾಯಿಂದ ನಾಲ್ಕು ಜನರೆದುರು ಹೊರಡಲಿಲ್ಲ. ಅತ್ತಿಗೆ ಅದನ್ನು ಗಮನಿಸಿದಳು. ಅವಳ ಮುಖ ಇಳಿದದ್ದನ್ನು ನಾನು ಗಮನಿಸಿದೆ. ಇನ್ನು ಊರೆಲ್ಲ ಹೊಗಳಿದರೂ ಕೋಣೆ ಸಿಗುವುದಿಲ್ಲ ಎಂದು ನನಗೆ ಗಟ್ಟಿಯಾಯಿತು.

ಶಿರಾಳಕೊಪ್ಪದಲ್ಲಿ ಇಳಿದು ಸೊರಬದ ಬಸ್ಸಿಗೆ ಕಾಯಬೇಕಿತ್ತು. ಅಪ್ಪಾಜಿಯನ್ನು ಬುಟ್ಟಿಯ ಜೊತೆ ಬೆಂಚಿನ ಮೇಲೆ ಕೂರಿಸಿ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ನಾವು ಆ ಕಡೆ ಹೋದೆವು. ತಿರುಗಿ ಬಂದು ನೋಡುತ್ತೇವೆ, ಪಕ್ಕದ ಹೋಟೆಲಿನ ಒಂದು ಲೋಟ ನೀರು ಅಪ್ಪಾಜಿಯ ಎಡಗೈಯಲ್ಲಿದೆ. ಬಲಗೈಯ ಬೆರಳುಗಳನ್ನು ಅದರಲ್ಲಿ ಅದ್ದಿ ಅದ್ದಿ, ಬೆಳಗಿನ ಪೂಜೆಯ ಅದೇ ಭಕ್ತಿಯಿಂದ, ಅದೇ ನಿಧಾನದಿಂದ ಡೇರೆ ಹೂಗಳ ಮೇಲೆ ನೀರು ಚಿಮುಕಿಸುತ್ತಿದ್ದಾರೆ!

“ಅಪ್ಪಾಜಿ!” ಎಂದು ನಾನು ಕಿರುಚಿದೆ.

“ಏನಾತು? ಬಿಸಲು ಬಂತು ಕಣವ್ವ, ಹೂ ಬಾಡ್ತಾವು ಅಂತ...”

ಲೋಟ ನೋಡಿದರು, ಬುಟ್ಟಿ ನೋಡಿದರು. ಬೀಟ್‌ರೂಟನ್ನು ಹಿಂಡಿದ್ದೂ ಅವರ ಕಣ್ಣೆದುರೇ, ಕುಂಬಳಕಾಯಿ ಕತ್ತರಿಸಿದ್ದೂ ಅವರೇ. ಎಲ್ಲ ಗೊತ್ತಿದ್ದೂ ಕೈ ಮರೆತುಬಿಟ್ಟಿತ್ತು. ನಮ್ಮ ಅಪ್ಪಾಜಿಯ ಕಿವಿ ಕೆಂಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತಿಗೆ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ನೋಡುತ್ತಾಳೆ, ನೀರು ಒಳಗಿಳಿದಿರಲಿಲ್ಲ. ವನಸ್ಪತಿಯ ಜಿಡ್ಡಲ್ಲವೇ, ಹನಿಗಳು ಎಸಳೆಸಳಿನ ಮೇಲೆ ಮಣಿಮಣಿಯಾಗಿ ನಿಂತಿದ್ದವು. ಒಂದು ಹೂವಿನಲ್ಲಿ ಮಾತ್ರ ಗುಲಾಬಿ ಬಣ್ಣ ಸ್ವಲ್ಪ ಹರಿದು ಬುಡಕ್ಕೆ ಬಂದಿತ್ತು.

“ಇರ್ಲಿ ಮಾವಾರೇ,” ಎಂದಳು ಅತ್ತಿಗೆ ಮೆಲ್ಲಗೆ. ಬಸ್ಸು ಬಂತು. ಈ ಸಲ ಬುಟ್ಟಿ ಅತ್ತಿಗೆಯ ತೊಡೆಯ ಮೇಲಿತ್ತು.

ಶಾಲೆಯಲ್ಲಿ ಭಾಷಣಗಳಾದವು. ಒಬ್ಬೊಬ್ಬರೂ ತಾವು ತಿಂದ ಪೆಟ್ಟುಗಳನ್ನು ಹೆಮ್ಮೆಯಿಂದ ನೆನೆಸಿಕೊಂಡರು. ಅತ್ತಿಗೆ ಬುಟ್ಟಿ ಹೊತ್ತು ವೇದಿಕೆ ಹತ್ತಿದಾಗ ಹೆಡ್‌ಮೇಡಂ, ಬೆಳ್ಳನೆಯ ಕೂದಲಿನ ಪುಟ್ಟ ಹೆಂಗಸು, ಕೈ ಚಾಚಲೇ ಇಲ್ಲ. ಕನ್ನಡಕದ ಮೇಲಿನಿಂದ ದಿಟ್ಟಿಸಿದರು. ಮುಂದೆ ಮೈಕು ಇದ್ದದ್ದರಿಂದ ಅವರ ಮಾತು ಇಡೀ ಸಭೆಗೆ ಕೇಳಿಸಿತು.

“ಎಂತದೆ ಗಿರಿಜಾ ಇದು? ಈ ಕಾಲದಲ್ಲಿ ಡೇರೆ ಎಲ್ಲಿ ಬಿಡ್ತು? ಯಾರ ಮನೆ ಗಿಡ ಬೋಳಿಸಿದ್ದು ನೀನು? ಇನ್ನೂ ಬುದ್ಧಿ ಬರಲಿಲ್ವಾ ನಿಂಗೆ?”

“ಕಿತ್ತದ್ದಲ್ಲ ಮೇಡಂ, ಬೇಯ್ಸಿದ್ದು. ಕೇಕು. ಮೊಟ್ಟೆ ಹಾಕಿಲ್ಲ.”

ಮೇಡಂ ಹತ್ತಿರ ಬಗ್ಗಿದರು. ಒಂದು ಎಸಳಿನ ತುದಿ ಮುಟ್ಟಿದರು. ನಂಬಿಕೆ ಬರಲಿಲ್ಲವೇನೋ, ಇನ್ನೊಂದನ್ನು ಮುಟ್ಟಿದರು. ಗದರುವ ಮುಖ ನಿಧಾನವಾಗಿ ಚಿಕ್ಕ ಹುಡುಗಿಯ ಮುಖವಾಯಿತು. “ಅಯ್ಯೋ ಮಾರಾಯ್ತಿ! ಇಬ್ಬನಿ ಬೇರೆ ಉಂಟಲ್ಲೇ! ಇದನ್ನೂ ನೀನೇ ಮಾಡಿದ್ದಾ?”

ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಪ್ಪಾಜಿ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದರು. ಅತ್ತಿಗೆ ಸಭೆಯ ಕಡೆ ತಿರುಗಿದಳು.

“ಅದೊಂದು ನಂಗೆ ಹೊಳೆದಿರಲಿಲ್ಲ ಮೇಡಂ. ಅದು ನಮ್ಮ ಮಾವಾರು ಮಾಡಿದ್ದು. ಅಲ್ಲಿ ಕೂತಿದಾರೆ ನೋಡಿ.”

ಚಪ್ಪಾಳೆ ಬಿತ್ತು. ಹೆಡ್‌ಮೇಡಂ ಅಪ್ಪಾಜಿಯನ್ನು ವೇದಿಕೆಗೆ ಕರೆದೇಬಿಟ್ಟರು. ಅವರು ಕರೆದರೆ ಎದ್ದು ಹೋಗದಿರುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲವಂತೆ. ಪಕ್ಕದ ತಾಲ್ಲೂಕಿನವರಿಗೂ ಇಲ್ಲವೆಂದು ಅವತ್ತು ಗೊತ್ತಾಯಿತು. ಅಪ್ಪಾಜಿ ಹೋಗಿ ನಿಂತರು. ಮೇಡಂ ಬಣ್ಣ ಹರಿದಿದ್ದ ಆ ಹೂವನ್ನೇ ಕಡ್ಡಿಯಿಂದ ಮೆಲ್ಲನೆ ಬಿಡಿಸಿದರು. ತಮ್ಮ ಜೀವಮಾನದಲ್ಲಿ ಅವರು ಕಿತ್ತ ಹೂ ಅದೊಂದೇ ಇರಬೇಕು. “ನೀವು ದೊಡ್ಡವರು, ನೀವೇ ಮೊದಲು ತಗೊಳ್ಳಿ,” ಎಂದು ಅಪ್ಪಾಜಿಯ ಅಂಗೈಗೆ ಇಟ್ಟರು.

ಬೇಕರಿಯ ಮುಂದೆ ನನ್ನ ಮುಖ ತಿರುಗಿಸುತ್ತಿದ್ದ ಅಪ್ಪಾಜಿ. ಬೇಡವೆಂದರೆ ಅದರಲ್ಲಿ ಮೊಟ್ಟೆಯಿದೆ, ನನ್ನ ಸೊಸೆಯ ಮಾತು ನಂಬುವಂಥದ್ದಲ್ಲ ಎಂದು ಅವಳ ತವರಿನವರ ಎದುರೇ ಸಾರಿದಂತೆ. ತಿಂದರೆ ಇಷ್ಟು ವರ್ಷದ ವ್ರತ ಮುರಿದಂತೆ. ಅತ್ತಿಗೆ ಅವರ ಮುಖ ನೋಡಲಾರದೆ ಬುಟ್ಟಿಯ ಕಾಗದದ ಎಲೆಯೊಂದನ್ನು ಸರಿಮಾಡುತ್ತ ನಿಂತಿದ್ದಳು. ಆ ಎಲೆ ಸರಿಯಾಗಿಯೇ ಇತ್ತು.

ಅಪ್ಪಾಜಿ ಕೇಕನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಪ್ರಸಾದವನ್ನು ಒತ್ತಿಕೊಳ್ಳುತ್ತಾರಲ್ಲ, ಹಾಗೆ. ಕ್ರೀಮು ಹುಬ್ಬಿಗೆ ಅಂಟಿತು. ಆಮೇಲೆ ಕಚ್ಚಿದರು. ನಿಧಾನವಾಗಿ ಅಗಿದರು. ಮೈಕಿನ ಎದುರಿಗಿದ್ದದ್ದು ಅವರಿಗೆ ತಿಳಿದಿತ್ತೋ ಇಲ್ಲವೋ, “ಮೊಸ್ರು,” ಎಂದರು. ಎಲ್ಲರೂ ನಕ್ಕರು. ಅಪ್ಪಾಜಿ ನಗಲಿಲ್ಲ. ಬಾಯಿ ಒರೆಸಿಕೊಂಡು ಸಭೆಗೆ ಕೈಮುಗಿದು ಹೇಳಿದರು: “ಕೇಕ್‌ರೀ ಇದು. ನಮ್ಮ ಸೊಸಿ ಮಾಡಿದ್ದು. ಎಲ್ಲಾರೂ ತಗೋರಿ.”

ಆಮೇಲೆ ಡೇರೆ ಹೂಗಳು ಖಾಲಿಯಾಗಲು ಎಷ್ಟು ಹೊತ್ತು? ಕುಂಬಳಕಾಯಿಯೊಂದು ಬೆನ್ನ ತುಂಬ ಕಡ್ಡಿ ಚುಚ್ಚಿಸಿಕೊಂಡು ಉಳಿಯಿತು. ಅದನ್ನೂ ಹೆಡ್‌ಮೇಡಂ ಸಾರಿಗೆ ಆಗುತ್ತದೆಂದು ಮನೆಗೆ ಒಯ್ದರು. ನನ್ನ ಪಾಲಿಗೆ ಒಂದೂ ಸಿಗಲಿಲ್ಲ. ಆ ಬೇಜಾರು ಈಗಲೂ ಇದೆ. ಮೊನ್ನೆ ಆಫೀಸಿನಲ್ಲಿ ಗುಲಾಬಿ ಒತ್ತಿ ನೋಡಿದ್ದಕ್ಕೆ ಅದೇ ಕಾರಣವೆಂದು ನನ್ನ ವಾದ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪಾಜಿ ಕೋಣೆಯ ಮಾತೆತ್ತಲಿಲ್ಲ. ಅತ್ತಿಗೆಯೂ ಕೇಳಲಿಲ್ಲ. ನಾನು ಅವರ ಹುಬ್ಬಿನ ಮೇಲೆ ಉಳಿದಿದ್ದ ಗುಲಾಬಿ ಬಣ್ಣ ನೋಡುತ್ತ ಸುಮ್ಮನೆ ಕೂತೆ. ಹೇಳಿದ್ದರೆ ಒರೆಸಿಕೊಳ್ಳುತ್ತಿದ್ದರು. ಹೇಳಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ದಡಬಡ ಸದ್ದಿಗೆ ಎದ್ದು ಬಂದೆ. ಅಪ್ಪಾಜಿ ಹತ್ತಿಕಾಳಿನ ಚೀಲಗಳನ್ನು ಒಂದೊಂದಾಗಿ ಅಂಗಡಿಗೆ ಎಳೆದು ಹಾಕುತ್ತಿದ್ದರು. ಮೈತುಂಬ ಧೂಳು. ಕೋಣೆ ಅರ್ಧ ಖಾಲಿಯಾಗಿತ್ತು. ಪೂಜೆಯ ಹೂ ಬಾಳೆ ಎಲೆಯ ಮೇಲೆ ಇನ್ನೂ ಹಾಗೇ ಕಾಯುತ್ತಿದ್ದವು. ಅವತ್ತು ಅವುಗಳಿಗೆ ನೀರು ಚಿಮುಕಿಸುವುದನ್ನು ಅಪ್ಪಾಜಿ ಮರೆತಿದ್ದರು. ಅತ್ತಿಗೆ ಬಾಗಿಲಲ್ಲಿ ಬಂದು ನಿಂತದ್ದನ್ನು ಕಂಡು ಅವರು ಸೊಂಟಕ್ಕೆ ಕೈಕೊಟ್ಟು ನಿಂತು, ಹಿತ್ತಲಿನ ಕಡೆಯ ಗೋಡೆಯನ್ನು ಅಂಗೈಯಿಂದ ತಟ್ಟಿದರು.

“ಗಿರಿಜವ್ವ, ಕಿಟಕಿ ಎಷ್ಟು ಎತ್ತರಕ್ಕೆ ಇಡಾಣ? ಹೂವಿನ ಗಿಡ ಕಾಣಂಗಿರ್ಲಿ, ನೋಡ್ಕೋತ ಮಾಡಾಕಾಗ್ತೈತೆ.”